ಗರಡಿಯ ಕಣದಲ್ಲಿ ನಿಂತು ಹೇಳಿದ್ದು

ನಮಗೆ ಕುಸ್ತಿ ಕಲಿಸಿದ ವಸ್ತಾದರ ಎರಡೂ ಕಿವಿಗಳು ಮುರುಟಿ ಗೋಡಂಬಿಯಂತಾಗಿದ್ದವು. ವರ್ಷಗಟ್ಟಲೆ ಕುಸ್ತಿಯಲ್ಲಿ ಎದುರಾಳಿಗಳ ತಲೆ ತಿಕ್ಕಿ ಆದದ್ದು. ಹೊಸ ಹುಡುಗರು ಬಾಯಿಬಿಟ್ಟು ನೋಡಿದರೆ, "ಕಿವಿ ಏನ್ ನೋಡ್ತೀಯೋ, ಕಾಲ್ ನೋಡು. ನಿನ್ನ ಕೆಡವೂದು ಅದು" ಎಂದು ಗದರುತ್ತಿದ್ದರು.

ಸುರೇಬಾನದ ಆಚೆಗಿನ ನಮ್ಮ ಊರಲ್ಲಿ ತೊಂಬತ್ತರ ದಶಕದಲ್ಲಿ ಅವರೆಂದರೆ ಗಂಡಸುತನಕ್ಕೇ ಇನ್ನೊಂದು ಹೆಸರು. ಮೂರನೆಯ ಹೆರಿಗೆಯಾದ ಮೇಲೆ ಅವರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಹಾಸಿಗೆ ಹಿಡಿದರು. ಇನ್ನೊಮ್ಮೆ ಬಸುರಾದರೆ ಜೀವಕ್ಕೇ ಅಪಾಯ. ಬಸುರು ತಡೆಯಲು ವಂಕಿ, ಅಂದರೆ ಕಾಪರ್-ಟಿ, ಹಾಕಿಸಿದರು; ಮುಟ್ಟಿನ ಸ್ರಾವ ಹೆಚ್ಚಿ, ಮೊದಲೇ ಕಡಿಮೆಯಿದ್ದ ರಕ್ತ ಮತ್ತಷ್ಟು ಇಳಿಯಿತು. ತೆಗೆಸಿದರು. ಬಿಪಿ ಇದ್ದದ್ದರಿಂದ ಗುಳಿಗೆಯೂ ಆಗಿಬರಲಿಲ್ಲ. ಕೊನೆಗೆ ಇಬ್ಬರನ್ನೂ ನಮ್ಮ ಮನೆಯ ಜೀಪಿನಲ್ಲಿ ರಾಮದುರ್ಗದ ಡಾಕ್ಟರಬಾಯಿಯವರ ಬಳಿ ಕರೆದೊಯ್ದವನು ನಾನು. "ನೀನೂ ಒಳಗ ಬಾ. ಹೊಸದಾಗಿ ಲಗ್ನ ಆಗೈತಿ, ಕೇಳಿರು" ಎಂದರು ವಸ್ತಾದರು.

"ಇವರಿಗೆ ಈಗ ಹೊಟ್ಟಿ ಕೊಯ್ಯೂದು ಬ್ಯಾಡ್ರಿ" ಎಂದರು ಡಾಕ್ಟರಬಾಯಿ. "ನಿರೋಧ ಐತಿ, ಆದ್ರ ಒಂದ ಸಲ ತಪ್ಪಿದ್ರೂ ಇವರ ಜೀವದ ಮ್ಯಾಲ ಬರತೈತಿ. ಗಂಡಸರ ಆಪರೇಷನ್ ಸಣ್ಣದು. ಬೀಜ ಬರೂ ನಾಳ ಅಷ್ಟ ಕತ್ತರಸ್ತೀವಿ."

"ತಾಕತ್ತು ಹೋಗತೈತೇನ್ರಿ?" ಎಂದರು ವಸ್ತಾದರು.

"ಇಲ್ರಿ. ಗಂಡಸುತನದ ರಸ ರಕ್ತದಾಗ ಕೂಡತೈತಿ, ಆ ನಾಳದಾಗ ಹೋಗಂಗಿಲ್ಲ. ಬಾವು, ನೋವು ಬರಬಹುದು. ಒಮ್ಮೊಮ್ಮೆ ಕೀವೂ ಆಗತೈತಿ. ಸ್ವಲ್ಪ ದಿನ ಭಾರ ಎತ್ತಂಗಿಲ್ಲ. ಮೂರು ತಿಂಗಳು, ವೀರ್ಯ ಪರೀಕ್ಷಾ ಮಾಡಿ ನಾ ಹೇಳೂತನಕ, ನಿರೋಧ ಬಿಡಂಗಿಲ್ಲ. ಮುಂದ ಮಕ್ಕಳು ಬೇಕಂದ್ರ ನಾಳ ತಿರುಗಿ ಕೂಡತೈತಿ ಅನ್ನೂ ಖಾತ್ರಿ ಇಲ್ಲ."

ಅವ್ವಾರು ಸೆರಗು ಬಾಯಿಗೆ ಒತ್ತಿಕೊಂಡು, "ಬ್ಯಾಡ್ರಿ, ಊರಾಗ ಏನಂದಾರು" ಎಂದರು.

"ಹಡದು ಹಡದು ಸಾವಿನ ಬಾಗಲಾ ನೋಡಿ ಬಂದಾಕಿ ನೀ. ನನಗ ಒಂದು ಸಣ್ಣ ಗಾಯ ಆದ್ರ ಏನಾತು?" ಎಂದರು ವಸ್ತಾದರು.

ಆಪರೇಷನ್ ಮಾಡಿಸಿಕೊಂಡರು. ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ಅವರು ಮಾತ್ರ ಗರಡಿಗೆ ಬಂದು, ಕಣದ ಮಣ್ಣಿನಲ್ಲಿ ನಿಂತು, ತಾವು ಕೆಲವು ದಿನ ಯಾಕೆ ಕುಸ್ತಿಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ಹೇಳಿದರು. ನಾವು ತಲೆ ತಗ್ಗಿಸಿದೆವು. ಕೆಲವರು ಮಕ್ಕಳನ್ನು ಗರಡಿ ಬಿಡಿಸಿದರು. "ಹೋರಿ ಎತ್ತಾತಲ್ಲೋ" ಎಂದು ಚಹಾದಂಗಡಿಯಲ್ಲಿ ಒಬ್ಬ ಅವರಿಗೆ ಕೇಳುವಂತೆಯೇ ಅಂದ. ವಸ್ತಾದರು ನಕ್ಕರು. "ಹೋರಿಗೆ ಬೀಜಾನ ಒಡೀತಾರ. ನನ್ನವು ಜಾಗಾದಾಗ ಅದಾವು, ದಾರಿ ಅಷ್ಟ ಬಂದ್ ಆಗೈತಿ. ಅಷ್ಟಕ್ಕೂ ನಿನ್ನ ಹೊಲ ಉಳೂದು ಎತ್ತ ಅಲ್ಲೇನು?"

ಮರುವರ್ಷ ಸವದತ್ತಿಯ ಕುಸ್ತಿಯಲ್ಲಿ ಬೈಲಹೊಂಗಲ ಕಡೆಯ ಎಳೆಯ ಪೈಲ್ವಾನನೊಬ್ಬ ಅವರತ್ತ ತೊಡೆ ತಟ್ಟಿದ. ಜನ ಕೂಗಿದರು. ವಸ್ತಾದರು ಎದ್ದು ಕೈ ಮುಗಿದು ಕುಳಿತುಬಿಟ್ಟರು. ಸಿಳ್ಳೆ, ಕೇಕೆ. ನಾನು ಸಿಟ್ಟಿನಿಂದ ಅವರ ಬಳಿ ಹೋದೆ. "ಯಾಕ್ರಿ ಇಳೀಲಿಲ್ಲ?" ಎಂದು ಕೇಳಿದೆ.

"ವಯಸ್ಸಾತು, ಇಳಿದ್ರ ಸೋಲ್ತೀನಿ. ಆದ್ರ ಮಂದಿ ವಯಸ್ಸಿಗೆ ಸೋತ ಅನ್ನಂಗಿಲ್ಲ, ಆಪರೇಷನ್ನಿಗೆ ಸೋತ ಅಂತಾರ. ಆಮ್ಯಾಲ ಈ ಸೀಮ್ಯಾಗ ಯಾವ ಗಂಡಸೂ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ. ನನ್ನ ಅಂಜುಬುರುಕ ಅಂದ್ರ ಅನ್ಲಿ."

ಹೆಸರಿಗಾಗಿಯೇ ಬದುಕಿದ ಮನುಷ್ಯ ಹೆಸರನ್ನು ಹಾಗೆ ಕೈಯಾರೆ ಇಳಿಸಿಟ್ಟದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಯಾವ ಗೆಲುವೂ ನನ್ನನ್ನು ಅಷ್ಟು ಬೆರಗುಗೊಳಿಸಿರಲಿಲ್ಲ.

ನನಗೆ ಮೊದಲ ಮಗುವಾದಾಗ ಸಲಹೆ ಕೇಳಲು ಅವರಲ್ಲಿಗೇ ಹೋದೆ. ನನ್ನಂತೆಯೇ ಮಾಡು ಎನ್ನಲಿಲ್ಲ. "ಒಬ್ಬೊಬ್ಬರ ಮೈ ಒಂದೊಂದು ಥರಾ. ಇಬ್ಬರೂ ಕೂಡಿ ಹೋಗಿ ಕೇಳ್ರಿ" ಎಂದರು. ಅವ್ವಾರಿಗೆ ಒಗ್ಗದ ವಂಕಿ ನನ್ನ ಹೆಂಡತಿಗೆ ಚೆನ್ನಾಗಿ ಒಗ್ಗಿತು. ಎರಡನೆಯ ಮಗುವಾಗಿ, ಇನ್ನು ಸಾಕು ಎಂದು ಇಬ್ಬರೂ ನಿಶ್ಚಯಿಸಿದ ಮೇಲೆ, ನಾನು ಆಪರೇಷನ್ ಮಾಡಿಸಿಕೊಂಡೆ. ಅಪ್ಪ ಮಾತು ಬಿಟ್ಟ. ವಸ್ತಾದರು ದಿನಾ ಸಂಜೆ ಬಂದು, ಆ ವಿಷಯ ಎತ್ತದೆ, ಅಪ್ಪನ ಎದುರಿಗೆ ಕುಳಿತು ಮಳೆ-ಬೆಳೆ ಮಾತಾಡಿ ಚಹಾ ಕುಡಿದು ಹೋಗುತ್ತಿದ್ದರು. ಅಪ್ಪ ಮತ್ತೆ ನನ್ನನ್ನು ಊಟಕ್ಕೆ ಕರೆಯುವವರೆಗೂ ಬಂದರು.

ಅವರು ತೀರಿಕೊಂಡ ದಿನ ಗರಡಿಯವರೆಲ್ಲ ಗೊಳೋ ಎಂದು ಅಳುತ್ತಿದ್ದೆವು. ಅವ್ವಾರು ಗಟ್ಟಿಯಾಗಿ ಕುಳಿತಿದ್ದರು. "ಕುಸ್ತಿ ಕಲಿಸಿದ್ರು ಅಂತ ನೀವು ಅಳಾಕತ್ತೀರಿ. ನನ್ನ ಉಳಿಸ್ಕೊಂಡ್ರಪಾ ಅವರು" ಎಂದರು.

ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಊರ ಮಂದಿಯ ಎದುರಿಗೆ ಅವಳು ಹಾಗೆ ಹಿಡಿದದ್ದು ಅದೇ ಮೊದಲು.