ನೋಯದ ಕಡೆ

ಅಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಇವರಿಗೆ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟೆ. ಒಳಗೆ ಹೋಗಿ ಹೊಸ ಬ್ರಾ ತೊಟ್ಟೆ. ಡಾಕ್ಟರ್ ಮುಂದೆ ಹಳೆಯದು ಬೇಡ ಅನಿಸಿತು.

ಕೆಲವು ವಾರಗಳಿಂದ ಎಡಗಡೆ ನೋಯುತ್ತಿತ್ತು. ಮುಟ್ಟಿದರೆ ಸಣ್ಣ ಸಣ್ಣ ಗಂಟು.

ಜಯನಗರದ ಆಸ್ಪತ್ರೆಯಲ್ಲಿ ಕೌಂಟರಿನ ಹುಡುಗಿ ಕೇಳಿದಳು, “ಏನ್ ಪ್ರಾಬ್ಲಮ್ ಮೇಡಂ?” ನನ್ನ ಹಿಂದೆ ಗಂಡಸರು ನಿಂತಿದ್ದರು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ದೇಹದ ಆ ಭಾಗಕ್ಕೆ ಇಂಗ್ಲಿಷಿನಲ್ಲೂ ಹೆಸರು ಹೇಳಿಕೊಟ್ಟವರಲ್ಲ. “ಎದೆ ನೋವು” ಎಂದುಬಿಟ್ಟೆ.

ವ್ಹೀಲ್‌ಚೇರ್ ಬಂತು.

ಇಸಿಜಿ ತೆಗೆದವಳು, “ಹಾರ್ಟ್ ಸೂಪರ್ ಆಗಿದೆ ಆಂಟಿ” ಅಂದಳು. “ಸದ್ಯ, ನಿಂಗೆ ಹೃದಯ ಇದೆ ಅಂತ ಪ್ರೂಫ್ ಸಿಕ್ತು” ಅಂತ ಇವರು ನಕ್ಕರು. ನನಗೂ ನಗು ಬಂತು. ಆಮೇಲೆ ನರ್ಸ್ ಕಿವಿಯಲ್ಲಿ ನಿಜ ಹೇಳಿದೆ. ಸರ್ಜನ್ ಹತ್ತಿರ ಕಳಿಸಿದರು. ಹೆಂಗಸೇ, ಪುಣ್ಯಕ್ಕೆ.

ಡಾಕ್ಟರ್ ಮೊದಲು ಕೂರಿಸಿ ನೋಡಿದರು. ಆಮೇಲೆ ಮಲಗಿಸಿ, ಮೂರು ಬೆರಳು ಮಟ್ಟಸವಾಗಿಟ್ಟು ಎಡಗಡೆ ಒತ್ತುತ್ತಾ ಬಂದರು.

“ಇಲ್ಲೇ ಅಲ್ವಾ ನೋವು? ಮೆತ್ತಗಿದೆ, ಬೆರಳಡಿ ಜಾರತ್ತೆ. ಪೀರಿಯಡ್ಸ್ ಹತ್ರ ಬಂದಾಗ ಹೀಗಾಗತ್ತೆ. ಇದು ನಾರ್ಮಲ್ ಅಮ್ಮ.”

ಕಣ್ಣು ತುಂಬಿತು. ಸೆರಗಿಗೆ ಕೈ ಹಾಕಿದೆ.

“ಇರಿ, ಬಲಗಡೆನೂ ನೋಡ್ಬಿಡ್ತೀನಿ.”

“ಆ ಕಡೆ ಏನಿಲ್ಲ ಡಾಕ್ಟರ್. ನೋವೇ ಇಲ್ಲ.”

ಅವರು ಬಲಗಡೆ ಬೆರಳಿಟ್ಟರು.

ಬೆರಳುಗಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದವು. ಅಲ್ಲಿಂದ ಕಂಕುಳಿಗೆ, ಅಲ್ಲಿಂದ ಕಾಲರ್ ಬೋನ್ ಮೇಲಕ್ಕೆ. ನನ್ನ ಕೈಯನ್ನೇ ಹಿಡಿದು ಮೊದಲಿನ ಜಾಗದಲ್ಲಿ ಇಟ್ಟರು. ಕಲ್ಲು. ತಳ್ಳಿದರೆ ಅಲ್ಲಾಡದು. ಕೈ ಮೇಲೆತ್ತಿಸಿ ಕನ್ನಡಿ ತೋರಿಸಿದರು: ಸೋಫಾದ ದಿಂಬಿಗೆ ಗುಂಡಿ ಹೊಲಿದಲ್ಲಿ ಬಟ್ಟೆ ಒಳಕ್ಕೆ ಹೋಗುತ್ತದಲ್ಲ, ಹಾಗೆ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ತೊಟ್ಟು ಒಳಗೆ ತಿರುಗಿದ್ದನ್ನು ಮಾತ್ರ ನಾನೂ ಗಮನಿಸಿದ್ದೆ. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

“ನೋವಿಲ್ವಲ್ಲ ಡಾಕ್ಟರ್?”

“ಅದಕ್ಕೇ ಅಮ್ಮ, ಲೇಟಾಗಿರೋದು.”

ಆಮೇಲಿನ ಬಯಾಪ್ಸಿ, ಸ್ಕ್ಯಾನ್‌ಗಳು ಆ ಬೆರಳುಗಳಿಗೆ ಆಗಲೇ ಗೊತ್ತಿದ್ದುದನ್ನೇ ಹೇಳಿದವು, ಜೊತೆಗೆ ಲಿವರ್‌ನ ಹೆಸರೂ ಸೇರಿತು. ಈಗ ಕೀಮೋ ನಡೆಯುತ್ತಿದೆ. ವಾಸಿಯಾಗುತ್ತದೆ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ, ಕಂಟ್ರೋಲ್ ಅನ್ನುತ್ತಾರೆ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ನೋಯುವ ಕಡೆಯನ್ನೇ ದಿನಾ ಒತ್ತಿ ಒತ್ತಿ ನೋಡಿಕೊಂಡು, ಸುಮ್ಮನಿದ್ದ ಕಡೆಯನ್ನು ಒಳ್ಳೆಯದೆಂದು ನಂಬಿದ್ದೆ. ಆದರೂ ಆ ನೋವಿನ ಮೇಲೆ ಸಿಟ್ಟಿಲ್ಲ. ಅದು ಇಲ್ಲದಿದ್ದರೆ ಆಸ್ಪತ್ರೆಯವರೆಗೂ ಹೋಗುತ್ತಿರಲಿಲ್ಲ.

ಅಂದು ಸಂಜೆ ಇದೆಲ್ಲ ಇನ್ನೂ ಗೊತ್ತಿರಲಿಲ್ಲ. ಆದರೆ ಬೆರಳು ಕಾಲರ್ ಬೋನ್ ಮೇಲೆ ನಿಂತಾಗ ಡಾಕ್ಟರ್ ಮುಖ ನೋಡಿದ್ದೆ. ಬನಶಂಕರಿಯ ಮನೆಗೆ ಬಂದ ಮೇಲೆ ಇವರು ಮಹಡಿಯ ಮೇಲಿನ ಬಟ್ಟೆ ತಂದು ಮಡಚತೊಡಗಿದರು. ನನ್ನ ಬ್ಲೌಸನ್ನು ಹೇಗೆ ಮಡಚುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ನಾನು ಎದ್ದು ಹೊರಗೆ ಬಂದೆ. ಪಕ್ಕದ ಮನೆಯ ಗಿರಿಜಕ್ಕ ಕಾಂಪೌಂಡಿನ ಆಚೆಯಿಂದ ಒಂದು ಮಾವಿನ ಮಿಡಿ ಎತ್ತಿ ತೋರಿಸಿದರು.

“ಮಾರ್ಕೆಟ್‌ಗೆ ಒಳ್ಳೇ ಮಿಡಿ ಬಂದಿದೆ ಕಣ್ರೀ, ನಿಮಗೂ ತರ್ಲಾ? ಈಗ ಹಾಕಿಟ್ಬಿಟ್ರೆ ಎರಡು ವರ್ಷ ಯೋಚ್ನೆ ಇಲ್ಲ.”