ಜಗಳವಾಡಲು ಒಂದು ಹಿನ್ನೀರ ದಂಡೆ

ನಾನೂ ನನ್ನ ಗಂಡನೂ ಟೆಂಟು ಕೊಂಡಿದ್ದು ಪ್ರಕೃತಿಯ ಮೇಲಿನ ಪ್ರೀತಿಯಿಂದಲ್ಲ, ಜಗಳವಾಡುವುದಕ್ಕೆ. ಕೇಳಿದವರು ನಗುತ್ತಾರೆ, ನಗಲಿ. ಮುಂಬೈಯ ಭಾಂಡುಪ್‌ನ ಚಾಳಿನ ಸಾಲುಮನೆಗಳಲ್ಲಿ ಒಂದಾದ ನಮ್ಮ ಮನೆಯನ್ನು ನೋಡಿದವರು ನಗುವುದಿಲ್ಲ. ಹೊರಗೊಂದು ಕೋಣೆ, ಒಳಗೊಂದು ಅಡುಗೆಮನೆ, ಅಷ್ಟೇ. ಆರು ವರ್ಷದ ಹಿಂದೆ ನಾನು ಮದುವೆಯಾಗಿ ಮೈಸೂರಿನಿಂದ ಬಂದ ದಿನವೇ ಅತ್ತೆ ಅಡುಗೆಮನೆಯನ್ನು ನಮಗೆ ಬಿಟ್ಟುಕೊಟ್ಟು, ತಾವು ಮಾವನವರ ಜೊತೆ ಹೊರಗಿನ ಕೋಣೆಗೆ ಹಾಸಿಗೆ ಸಾಗಿಸಿದ್ದರು. ರಾತ್ರಿ ಪಾತ್ರೆಗಳನ್ನು ಎತ್ತಿಟ್ಟು, ನೆಲ ಒರೆಸಿ, ಗ್ಯಾಸಿನ ಕಟ್ಟೆಯ ಪಕ್ಕಕ್ಕೆ ತಲೆಯಿಟ್ಟು ನಾವು ಮಲಗಬೇಕು. ನಡುವೆ ಇರುವುದು ಪ್ಲೈವುಡ್ಡಿನ ಬಾಗಿಲು. ಟಿವಿಯ ಅಬ್ಬರ ನಿಂತ ಮೇಲೆ ಆ ಕಡೆ ಯಾರಾದರೂ ಮಗ್ಗುಲು ಬದಲಾಯಿಸಿದರೂ ಈ ಕಡೆ ಗೊತ್ತಾಗುತ್ತದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೋರಾಗಿ ಕೂಗಾಡಿ ಹತ್ತು ನಿಮಿಷದಲ್ಲಿ ಮರೆತು ಕಾಫಿ ಕುಡಿಯುವ ಮನೆಯಲ್ಲಿ ಬೆಳೆದವಳು ನಾನು. ಪಿಸುಮಾತಿನಲ್ಲಿ ಜಗಳವಾಡುವುದು ಎಂಥ ಹಿಂಸೆ ಎಂದು ಮಾಡಿದವರಿಗೇ ಗೊತ್ತು. 'ನಿನ್ನಂಥ ಕಲ್ಲುಬಂಡೆಯನ್ನು ನಾನು ನೋಡಿಲ್ಲ' ಎಂಬುದನ್ನು ಕಿವಿಯ ಹತ್ತಿರ ಪಿಸುಗುಟ್ಟಿದರೆ ಅದು ಮುದ್ದಿನ ಮಾತಿನ ಹಾಗೆ ಕೇಳಿಸುತ್ತದೆ. ಗಂಡ ನಕ್ಕುಬಿಡುತ್ತಾನೆ, ನನಗೆ ಇನ್ನಷ್ಟು ಮೈಯುರಿಯುತ್ತದೆ. ಬೆಳಗಾದರೆ ಅವನು ಮಲಾಡಿನ ಆಫೀಸಿಗೆ, ನಾನು ಫೋರ್ಟಿನ ಆಫೀಸಿಗೆ. ಅರ್ಧಕ್ಕೆ ನಿಂತ ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನೇತಾಡುತ್ತಾ ಹೋಗುತ್ತಿದ್ದೆ.

ಮೊದಲು ದುಡ್ಡು ಕೊಟ್ಟೇ ಒಂದು ಕೆರೆಯ ಪಕ್ಕದ ಕ್ಯಾಂಪಿಗೆ ಹೋದೆವು. ಅಲ್ಲಿ ಟೆಂಟುಗಳನ್ನು ಸಾಲಾಗಿ, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದರು. ಎದುರಿಗೆ ಡಿಜೆ. ಪಕ್ಕದ ಟೆಂಟಿನವರು ಆಕಳಿಸಿದ್ದೂ ನಮಗೆ ಕೇಳುತ್ತಿತ್ತು. ನಮ್ಮ ಚಾಳನ್ನೇ ಬಟ್ಟೆಯಲ್ಲಿ ಹೊಲಿದು ಕೆರೆದಂಡೆಗೆ ತಂದಿಟ್ಟ ಹಾಗಿತ್ತು. ಇನ್ನು ಮುಂದೆ ಬಿಟ್ಟಿ ಜಾಗವನ್ನೇ ಹುಡುಕುವುದು ಎಂದು ಅವತ್ತೇ ತೀರ್ಮಾನಿಸಿದೆವು. ಬಿಟ್ಟಿ ಎಂದರೆ ನಲ್ಲಿಯಿಲ್ಲ, ಲೈಟಿಲ್ಲ, ಸಂಡಾಸಿಲ್ಲ, ಮುಖ್ಯವಾಗಿ ಮನುಷ್ಯರಿಲ್ಲ.

ಹುಡುಕುವ ಕೆಲಸ ನನ್ನದು. ಮಧ್ಯಾಹ್ನ ಆಫೀಸಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಫೋನಿನಲ್ಲಿ ಉಪಗ್ರಹದ ನಕಾಶೆ ತೆರೆದು, ಕಲ್ಯಾಣ ದಾಟಿ ಕಸಾರಾ ಕಡೆಗೆ ಬೆರಳು ಸರಿಸುತ್ತಿದ್ದೆ. ನೀಲಿ ಕಂಡರೆ ನೀರು. ಅದರ ಪಕ್ಕ ತೆಳುಹಸಿರು ಇದ್ದು ಒಂದೂ ಚಾವಣಿ ಕಾಣದಿದ್ದರೆ ಹುಲ್ಲುಗಾವಲು. ಎಡವಿ ಬಿದ್ದು ಕಲಿತ ಕೆಲವು ಪಾಠಗಳೂ ಇದ್ದವು. ಡಾಂಬರು ರಸ್ತೆ ನೀರಿನ ತನಕ ಹೋಗಿದ್ದರೆ ಅಲ್ಲಿ ಒಡೆದ ಬಾಟ್ಲಿ ಇದ್ದೇ ಇರುತ್ತದೆ. ಅಣೆಕಟ್ಟಿನ ಗೋಡೆಯ ಕಡೆ ಹೋದರೆ ಕಾವಲುಗಾರ ಸೀಟಿ ಊದುತ್ತಾನೆ. ದನ ನಡೆದು ಸವೆದ ಕಾಲುದಾರಿ ಕಂಡರೆ ನಂಬಬಹುದು, ದನಗಳು ಕೆಸರಿಗೆ ಹೋಗಿ ನಿಲ್ಲುವುದಿಲ್ಲ. ಒಮ್ಮೆ ಮಾತ್ರ ನಾನು ವಾರವಿಡೀ ಹಿಗ್ಗುತ್ತಿದ್ದ ನೀಲಿ ಕೆರೆ, ಎರಡು ತಾಸು ನಡೆದು ಹೋಗಿ ನೋಡಿದರೆ, ಕೋಳಿ ಸಾಕುವ ಶೆಡ್ಡಿಗೆ ಹೊದಿಸಿದ ನೀಲಿ ತಾಡಪತ್ರಿಯಾಗಿತ್ತು. ಗಂಡ ಇವತ್ತಿಗೂ ಕೋಳಿ ಕಂಡಾಗಲೆಲ್ಲ 'ನಿನ್ನ ಸರೋವರ' ಎನ್ನುತ್ತಾನೆ.

ಎರಡು ವರ್ಷದಲ್ಲಿ ನಾಲ್ಕು ಒಳ್ಳೆಯ ಜಾಗ ಸಿಕ್ಕವು. ನಾಲ್ಕರಲ್ಲೂ ಮನಸಾರೆ ಜಗಳವಾಡಿದೆವು. ನೀರಿನ ಮೇಲೆ ದನಿ ಎಷ್ಟು ದೂರ ಹೋಗುತ್ತದೆಂದರೆ ಎದುರು ದಂಡೆಯ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ವಿಷಯ ಹೆಚ್ಚುಕಡಿಮೆ ಒಂದೇ, ಬೇರೆ ಮನೆ ಮಾಡುವುದೋ ಬೇಡವೋ. ನಾನು ಮಾಡೋಣ ಎನ್ನುವುದು, ಅವನು ಅವ್ವ ಏನು ತಿಳಿದಾಳು ಎನ್ನುವುದು. ಮೊನ್ನೆಯ ದೀಪಾವಳಿಯಾದ ಮೇಲೆ ಕೊನೆಗೂ ಒಪ್ಪಿದ. ಮಲಾಡಿನಲ್ಲಿ ಒಂದು ಬಾಡಿಗೆ ಮನೆ ನೋಡಿ ಮಾತೂ ಕೊಟ್ಟು ಬಂದೆವು. ಒಂದನೇ ತಾರೀಖಿಗೆ ಕೀಲಿ ಕೈಗೆ ಬರಬೇಕು. ಅಷ್ಟರೊಳಗೆ ಅತ್ತೆಗೆ ಹೇಳಬೇಕು.

ಈ ಹೇಳುವುದೊಂದೇ ಆಗಲಿಲ್ಲ. ಗಂಡ ಮೂರು ವಾರ 'ನಾಳೆ ಹೇಳ್ತೀನಿ ಯಾರ್' ಎಂದೇ ತಳ್ಳಿದ. ನನಗೂ ಧೈರ್ಯವಿರಲಿಲ್ಲ. ತಾವು ಮಲಗುವ ಜಾಗವನ್ನೇ ಬಿಟ್ಟುಕೊಟ್ಟ ಹೆಂಗಸಿಗೆ 'ಜಾಗ ಸಾಲದು' ಎಂದು ಹೇಗೆ ಹೇಳುವುದು? ಅದೂ ಎಲ್ಲಿ ಹೇಳುವುದು? ಮನೆಯಲ್ಲಿ ಹೇಳಿ ಅವರು ಕಣ್ಣೀರು ಹಾಕಿದರೆ, ಮರುದಿನ ನೀರು ಬರುವ ಹೊತ್ತಿಗೆ ಇಡೀ ಚಾಳಿಗೆ ಗೊತ್ತಾಗಿರುತ್ತದೆ. ನಾನು ಮನೆ ಒಡೆದವಳು ಎಂಬ ಹೆಸರಿಗಿಂತ, ಅವರು ನಲ್ಲಿಯ ಹತ್ತಿರದ ಹೆಂಗಸರ ಎದುರು ಮುಖ ಸಣ್ಣದು ಮಾಡಿಕೊಂಡು ಕೊಡ ಹಿಡಿದು ನಿಲ್ಲುವುದನ್ನು ನೆನೆಯುವುದೇ ನನಗೆ ಕಷ್ಟವಾಗಿತ್ತು.

ಅಷ್ಟರಲ್ಲಿ ಮಾವನವರು ಒಂದು ಮದುವೆಗೆಂದು ನಾಲ್ಕು ದಿನ ಧಾರವಾಡಕ್ಕೆ ಹೊರಟರು. ಅತ್ತೆಗೆ ಮಂಡಿನೋವು, ಅಷ್ಟು ದೂರದ ಪ್ರಯಾಣ ಬೇಡವೆಂದು ಉಳಿದರು. ಅದೇ ಶನಿವಾರಕ್ಕೆ ನಾವು ಹೊಸ ಜಾಗವೊಂದನ್ನು ಗೊತ್ತು ಮಾಡಿದ್ದೆವು. ಅವರನ್ನೂ ಕರೆದುಕೊಂಡು ಹೋಗಿ ಅಲ್ಲೇ ಹೇಳಿಬಿಡೋಣ ಎಂದು ನಾನೇ ಗಂಡನಿಗೆ ಸೂಚಿಸಿದೆ. ಬರುವುದಿಲ್ಲ ಎನ್ನುತ್ತಾರೆಂದು ಒಳಗೊಳಗೇ ಆಸೆಯಿತ್ತು. ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಅಲ್ಲೆ ಸಂಡಾಸದ ವ್ಯವಸ್ಥಾ ಹ್ಯಾಂಗ?"

"ಬಯಲೇ ಅತ್ತೆ."

"ಆತು ತಗೋ. ನಾ ಏನು ಫ್ಲಾಟ್‌ನ್ಯಾಗ ಹುಟ್ಟೀನೇನು?" ಎಂದವರೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಲು ಕೂತರು.

ಲೋಕಲ್ ಇಳಿದು, ಶೇರ್ ಜೀಪಿನಲ್ಲಿ ಕೊನೆಯ ನಿಲ್ದಾಣದ ತನಕ ಹೋಗಿ, ಅಲ್ಲಿಂದ ಅವರ ಮಂಡಿಯನ್ನು ನೋಡಿಕೊಂಡು ನಿಧಾನವಾಗಿ ನಡೆದೆವು. ನಾಲ್ಕು ಗಂಟೆಯ ಹೊತ್ತಿಗೆ ಹಿನ್ನೀರು ಕಂಡಿತು. ನಕಾಶೆ ಈ ಸಲ ಸುಳ್ಳು ಹೇಳಿರಲಿಲ್ಲ. ಸೊಂಟದೆತ್ತರದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ ನೀರಿನ ಅಂಚಿನ ತನಕ ನಿಂತಿತ್ತು. ನಾವು ಎಂದಿನಂತೆ ಹುಲ್ಲನ್ನು ತುಳಿದು, ಅದನ್ನೇ ಮೆತ್ತೆ ಮಾಡಿ ಟೆಂಟು ಬಿಚ್ಚತೊಡಗಿದೆವು.

"ಇದು ಯಾರ ಜಾಗಾ?" ಅತ್ತೆ ಕೇಳಿದರು.

"ಯಾರದೂ ಅಲ್ಲವ್ವಾ. ಫ್ರೀ ಅದ," ಎಂದ ಮಗ.

"ಯಾರದೂ ಅಲ್ಲದ ಜಾಗಾ ಎಲ್ಲೆರೆ ಇರ್ತದೇನೋ?"

ಅವರು ಅಲ್ಲಿ ಕೂರಲೇ ಇಲ್ಲ. ಚೀಲ ಹಿಡಿದುಕೊಂಡೇ ನಿಂತು ಸುತ್ತ ನೋಡಿದರು. ಹತ್ತು ನಿಮಿಷದಲ್ಲಿ ಕುಡುಗೋಲು ಹಿಡಿದ ಒಬ್ಬ ಹೆಂಗಸು ದಿಬ್ಬದ ಕಡೆಯಿಂದ ಇಳಿದು ಬಂದಳು. ಅತ್ತೆಯ ವಯಸ್ಸೇ ಇರಬೇಕು. ನಾವು ತುಳಿದಿದ್ದನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅತ್ತೆ ತರಕಾರಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಪಳಗಿಸಿದ ಮರಾಠಿಯಲ್ಲಿ ಅವಳೊಡನೆ ಮಾತಿಗಿಳಿದರು. ಆಗ ತಿಳಿಯಿತು, ಇದು ತಾನಾಗಿ ಬೆಳೆದ ಕಾಡುಹುಲ್ಲಾದರೂ ಕಾಪಾಡಿಕೊಂಡ ಫಸಲು. ಮಳೆಗಾಲದಿಂದ ದನ ಬಿಡದೆ ಕಾದು, ಈಗ ಕೊಯ್ದು, ಪೆಂಡಿ ಕಟ್ಟಿ ಮುಂಬೈಯ ತಬೇಲಾ ಎನ್ನುವ ಎಮ್ಮೆ ಕೊಟ್ಟಿಗೆಗಳಿಗೆ ಕಳಿಸುತ್ತಾರೆ. ಒಮ್ಮೆ ಮಲಗಿದ ಹುಲ್ಲು ಕುಡುಗೋಲಿಗೆ ಸಿಗುವುದಿಲ್ಲ. ನಾವು ಎರಡು ವರ್ಷದಿಂದ ಹೋದಲ್ಲೆಲ್ಲ ಇನ್ನೊಬ್ಬರ ಬೆಳೆಯ ಮೇಲೆ ಹಾಸಿಗೆ ಹಾಸಿದ್ದೆವು. ದಿನಾ ಬೆಳಿಗ್ಗೆ ನಾವು ಕುಡಿಯುವ ಚಹಾದ ಹಾಲಿನಲ್ಲಿ ಆ ಹುಲ್ಲೂ ಇತ್ತು.

ಅತ್ತೆ ನಮ್ಮ ಪರವಾಗಿ ತಪ್ಪಾಯಿತು ಎಂದರು, ಅರ್ಧ ರೊಟ್ಟಿಗಂಟನ್ನು ಅವಳ ಕೈಗಿಟ್ಟರು. ಅವಳು ಕೊಯ್ದು ಮುಗಿಸಿದ ಬಯಲನ್ನು ತೋರಿಸಿ, ಅಲ್ಲಿ ಎಲ್ಲಿ ಬೇಕಾದರೂ ಮಲಗಿ ಎಂದಳು.

"ಕೇಳಿದ್ರ ಯಾರೂ ಒಲ್ಲೆ ಅನ್ನೂದಿಲ್ಲ," ಎಂದು ಅತ್ತೆ ನಡೆಯುತ್ತಾ ಹೇಳಿದರು. "ಕೇಳೂದು ಒಂದು ನಿಮಗ ಯಾಕ ಅಷ್ಟು ಭಾರ ಆಗ್ತದೋ."

ಅವರು ಹುಲ್ಲಿನ ಬಗ್ಗೆಯೇ ಹೇಳಿದ್ದು. ನಾನೂ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಆ ಬಯಲು ನಮ್ಮ ಚಾಳಿನಂಥ ಹತ್ತು ಚಾಳು ಹಿಡಿಸುವಷ್ಟಿತ್ತು. ಅಷ್ಟು ಜಾಗದಲ್ಲಿ ನಾವು ಆರಿಸಿಕೊಂಡಿದ್ದು ಒಂದು ಬಂಡೆ ಮತ್ತು ಒಂದು ಮರದ ನಡುವಿನ ಸಂದಿ. ಟೆಂಟನ್ನು ಬಂಡೆಗೆ ಒತ್ತಿ ನಿಲ್ಲಿಸಿದೆವು, ಸಾಮಾನನ್ನು ಮರದ ಬುಡಕ್ಕೆ ಒಂದರ ಮೇಲೊಂದು ಪೇರಿಸಿದೆವು, ನಡುವೆ ಓಡಾಡುವವರಿಗೆಂದು ದಾರಿ ಬಿಟ್ಟೆವು. ಓಡಾಡುವವರು ಯಾರು? ನಮ್ಮನ್ನು ಬಿಟ್ಟರೆ ಎರಡು ಟಿಟ್ಟಿಭ ಹಕ್ಕಿ. ಅತ್ತೆ ಚಪ್ಪಲಿಗಳನ್ನು ಜೋಡಿಸಿ ಟೆಂಟಿನ ಬಾಗಿಲ ಪಕ್ಕ ಗೋಡೆಯಿರಬೇಕಾದಲ್ಲಿಗೆ ಒರಗಿಸಿದರು, ಅವು ಬಿದ್ದವು. ಮೂವರೂ ನಕ್ಕೆವು, ಅದೂ ಪಕ್ಕದ ಮನೆಯವರಿಗೆ ಕೇಳದ ಹಾಗೆ.

ಸಂಜೆ ಉಂಡೆವು. ಹೇಳುತ್ತೇನೆಂದು ಮಾತು ಕೊಟ್ಟಿದ್ದ ಮಗ ಮೊದಲು ಸೌದೆ ತರಲು ಹೋದ, ಆಮೇಲೆ ಟೆಂಟಿನ ಹಗ್ಗ ಬಿಗಿಮಾಡಲು ಹೋದ, ಕೊನೆಗೆ ನಿದ್ದೆ ಬಂತೆಂದ. ಬೆಳಿಗ್ಗೆ ಕೈಯಲ್ಲಿ ಕ್ಯಾನು ಹಿಡಿದು, "ಹಾಲು ತರ್ತೀನಿ," ಎಂದು ಊರಿನ ದಿಕ್ಕಿಗೆ ಬಿರಬಿರನೆ ನಡೆದ. ನಾವು ಕರಿ ಚಹಾ ಕುಡಿದು ಮುಗಿಸಿದ್ದೆವು. ಹಾಲು ಯಾರಿಗೂ ಬೇಕಿರಲಿಲ್ಲ.

ಅತ್ತೆ ನೀರಿನ ಅಂಚಿನಲ್ಲಿ ಕಲ್ಲಿನ ಮೇಲೆ ಕೂತು ಚಹಾದ ಪಾತ್ರೆಯನ್ನು ಮಣ್ಣು ಹಾಕಿ ತಿಕ್ಕುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅತ್ತೆ, ನಾವು ಮಲಾಡಲ್ಲಿ ಒಂದು ಬಾಡಿಗೆ ಮನೆ ನೋಡಿದೀವಿ. ಒಂದನೇ ತಾರೀಖಿಗೆ ಹೋಗ್ತೀವಿ. ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ."

ಅವರ ಕೈ ನಿಂತಿತು. ಮತ್ತೆ ತಿಕ್ಕತೊಡಗಿದರು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಕೆಟ್ಟ ಬುದ್ಧಿ. ಆ ತಿಕ್ಕುವ ಸದ್ದು ತಡೆಯಲಾರದೆ ಆರು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದೆ.

"ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಸಾಕಾಗಿಹೋಗಿದೆ ಅತ್ತೆ. ದಿನವೆಲ್ಲಾ ಆಫೀಸು, ರಾತ್ರಿ ನಾಲ್ಕು ಮಾತಾಡೋಣ ಅಂತ ಬಾಗಿಲು ಹಾಕಿದ ತಕ್ಷಣ ನೀವು ಟಿವಿ ಜೋರು ಮಾಡ್ತೀರಿ. ಒಂದು ದಿನಾನೂ ತಪ್ಪಲ್ಲ. ಆ ಸೀರಿಯಲ್‌ನವರ ಅಳು ಕೇಳಿ ಕೇಳಿ ತಲೆ ಕೆಟ್ಟುಹೋಗುತ್ತೆ. ಮಾವನಿಗೆ ಕಿವಿ ಮಂದ ಅಂತ ಗೊತ್ತು, ಆದ್ರೂ ನಮ್ಮ ಬಗ್ಗೆನೂ ಸ್ವಲ್ಪ ಯೋಚಿಸಬೇಕಲ್ವಾ?"

ಅತ್ತೆ ತಿರುಗಿ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ನಿಜವಾದ ಅಚ್ಚರಿಯಿತ್ತು.

"ಅವ್ರ ಕಿವಿಗೇನಾಗೇದ? ಚಲೋನ ಅವ."

"ಮತ್ತೆ ಯಾಕೆ ಅಷ್ಟು ಜೋರು?"

"ನಿಮ್ಮ ಸಲುವಾಗಿ," ಎಂದರು. "ಆ ಬಾಗಲಾ ಏನ್ ಬಾಗಲಾನವಾ? ನೀವು ಸಣ್ಣ ದನಿಲೆ ಆಡೂ ಜಗಳಾ ಎಲ್ಲಾ ನಮಗ ಕೇಳಸ್ತದ. ಹೊಸದಾಗಿ ಬಂದ ಹುಡುಗಿ, ಅತ್ತಿ-ಮಾವ ಕೇಳ್ತಾರಂತ ಬಾಯಿ ಮುಚ್ಚಿಕೊಂಡು ಇರೂದು ಬ್ಯಾಡ, ಮನಸು ಬಿಚ್ಚಿ ಮಾತಾಡ್ಲಿ ಅಂತ ಜೋರ ಮಾಡ್ಲಿಕ್ಕೆ ಸುರು ಮಾಡಿದೆ. ಟಿವಿ ಜೋರಿದ್ರ ನೀವೂ ಜೋರ ಮಾತಾಡಬಹುದಲ್ಲ? ನೀವು ಮತ್ತಿಷ್ಟು ಸಣ್ಣ ಮಾಡ್ತಿದ್ರಿ. ನಾ ಮತ್ತಿಷ್ಟು ಜೋರ ಮಾಡ್ತಿದ್ದೆ."

ಇಷ್ಟು ವರ್ಷ ಆ ಟಿವಿಯನ್ನು ಶಪಿಸಿದ್ದೆ, ಅದರ ನೆಪದಲ್ಲಿ ಅವರನ್ನೂ ಶಪಿಸಿದ್ದೆ. ತವರಿಗೆ ಫೋನು ಮಾಡಿ 'ನಮ್ಮತ್ತೆಗೆ ಸೂಕ್ಷ್ಮವೇ ಇಲ್ಲ' ಎಂದಿದ್ದೆ. ಅತ್ತು ಹಗುರಾಗಬಹುದಿತ್ತು, ಆದರೆ ಅಳುವ ಹಕ್ಕು ಅವರದು, ನನ್ನದಲ್ಲ ಎನ್ನಿಸಿತು. ಪಾತ್ರೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ತೊಳೆದೆ.

ಅವರು ಸೀರೆಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಎಲ್ಲಾ ಕೇಳ್ತಿತ್ತು. ಈ ಮಲಾಡದ್ದು ಒಂದು ಕೇಳಲಿಲ್ಲ ನೋಡು. ಆವಾಗ ಟಿವಿ ಭಾಳ ಜೋರ ಇಟ್ಟಿದ್ನೋ ಏನೋ." ನಕ್ಕರು, ಕಣ್ಣೊರೆಸಿಕೊಂಡರು. "ಅಲ್ಲೆ ನೀರು ಎಷ್ಟಕ್ಕ ಬರ್ತದ?"

"ಬೆಳಿಗ್ಗೆ ಆರಕ್ಕೆ. ಒಂದು ಗಂಟೆ ಬರುತ್ತಂತೆ."

"ಸಾಕು ಇಬ್ಬರಿಗೆ. ಒಳಗ ಬೇರೆ ಖೋಲಿ ಅದ ಏನು?"

"ಇದೆ ಅತ್ತೆ. ಗಟ್ಟಿ ಬಾಗಿಲೂ ಇದೆ."

"ಹೋಗ್ರಿ ಹಂಗಾದ್ರ." ಮಂಡಿ ಹಿಡಿದುಕೊಂಡು, ನನ್ನ ಭುಜದ ಮೇಲೆ ಕೈಯೂರಿ ಎದ್ದರು. ಅಷ್ಟು ದೂರದಲ್ಲಿ ಅವರ ಮಗ ಹಾಲಿನ ಕ್ಯಾನು ಹಿಡಿದು, ಬರಲೋ ಬೇಡವೋ ಎಂದು ನಿಂತಿದ್ದ. ಅವನನ್ನು ಬಾ ಎಂದು ಕೈಬೀಸಿ ಕರೆದು, ನನ್ನ ಕಡೆ ತಿರುಗಿದರು.

"ಒಂದನೇ ತಾರೀಖಿನಿಂದ ಟಿವಿ ಸಣ್ಣಗ ಇಡ್ತೀನಿ," ಎಂದರು. "ಆ ಗದ್ದಲಕ್ಕ ನನ್ನ ತಲಿ ಭಾಳ ನೋಯ್ತದ."