ಕೊರಳಿಗೆ ಏರಿದ ಉಸಿರು

ಹೋದ ವಾರ ಯಡೂರು ಕಡೆಯ ಅಜ್ಜಿಯೊಬ್ಬಳು ಚಿಕ್ಕೋಡಿಯ ನನ್ನ ಫಿಜಿಯೋಥೆರಪಿ ಕೋಣೆಗೆ ಬಂದಿದ್ದಳು. ಮಂಚದ ಮೇಲೆ ಮಲಗುವ ಮೊದಲು, ನಾನು ಹೇಳಿದ ಹಾಗೆ, ನಡುವಿಗೆ ಬಿಗಿದಿದ್ದ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿ ಗೋಡೆಯ ಮೊಳೆಗೆ ಹಾಕಿದಳು. ಹಳೆಯ ಇಳಕಲ್ ಸೀರೆಯಿಂದ ಹರಿದ ಪಟ್ಟಿ. ಬೆವರು, ಕಬ್ಬಿನ ಹಸಿ ಸೋಗೆ, ಎಲ್ಲೋ ಚೂರು ಹುಳಿತ ಹಾಲು... ಫ್ಯಾನು ತಿರುಗಿದ ಹಾಗೆ ಆ ವಾಸನೆ ಕೋಣೆಯೆಲ್ಲ ತಿರುಗಿತು. ಆಕೆಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ, ಎಣಿಕೆ ತಪ್ಪಿತು. ನಮ್ಮ ಬಾಜೂ ಮನೆಯ ಕಾಕೂ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು.

ಸದಲಗಾದ ಆಚೆ, ದೂಧಗಂಗಾ ದಂಡೆಗೆ ನಮ್ಮ ಊರು. ಕಾಕೂ ಅಲ್ಲಿ ಎರಡು ಎಮ್ಮೆ ಕಟ್ಟಿದ್ದಳು. ಹಾಲು ಹಿಂಡಿ, ಡೇರಿಗೆ ಹಾಕಿ, ಹೊಲಕ್ಕೆ ಹೋಗಿ ಮೇವಿನ ಹೊರೆ ಹೊತ್ತು ಬರುವಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಆಕೆಗಿಂತ ಅಗಲದ ಹೊರೆ, ಅದನ್ನು ಹಿಡಿಯಲು ಎತ್ತಿದ ಬಲಗೈ. ಮೂವತ್ತು ವರ್ಷ ಆ ಕೈ ಹಾಗೇ ಎತ್ತಿಯೇ ಇತ್ತು.

ನಮ್ಮಪ್ಪ ಕುರಿ ಕಾಯುತ್ತಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗಾವಿಯ ಹಾಸ್ಟೆಲಿನಲ್ಲಿ ಒಂದೇ ಬಿಳಿ ಕೋಟನ್ನು ಒಗೆದು ಒಗೆದು ನಾಲ್ಕೂವರೆ ವರ್ಷ ತೊಟ್ಟು ಗಳಿಸಿದ್ದು ಅದು. ಪಾಸಾಗಿ ಬಂದ ದಿನ ಕಾಕೂ ತಾಟಿನ ತುಂಬ ಗಿಣ್ಣ ತಂದಿದ್ದಳು. ಎಮ್ಮೆ ಆಗಷ್ಟೇ ಈದಿತ್ತು. "ಇನ್ನ ನಮ್ಮ ಓಣ್ಯಾಗ ಡಾಕ್ಟರ್ ಅದಾಳ. ಸಾಯಾಕ ಹೆದರಿಕಿ ಇಲ್ಲ" ಎಂದು ನಕ್ಕಳು. ನಾನು ಡಾಕ್ಟರಲ್ಲ ಎಂದು ತಿದ್ದಲಿಲ್ಲ. ಕೇಳಲು ಹಿತವಾಗಿತ್ತು.

ಆ ವರ್ಷವೇ ಆಕೆಗೆ ತ್ರಾಸು ಶುರುವಾಗಿತ್ತು. ಡೇರಿಯಿಂದ ಬರುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವಳು. ಊರವರೆಲ್ಲ ದಮ್ಮು ಎಂದರು. ಯಾರೋ ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಡಿಸಿದರು, ಕಡಿಮೆಯಾಗಲಿಲ್ಲ. ಅದರ ಜೊತೆಗೆ ಬಲಗೈಯ ಕಿರುಬೆರಳು, ಅದರ ಬಾಜೂಕಿನ ಬೆರಳು ಜೋಮು ಹಿಡಿಯತೊಡಗಿದ್ದವು. ಹಾಲು ಹಿಂಡುತ್ತ ಹಿಂಡುತ್ತ ಹಿಡಿತವೇ ಬಿಟ್ಟುಹೋಗುತ್ತಿತ್ತು.

ಒಂದು ದಿನ ನಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು ಸುಮ್ಮನೆ ನೋಡಿದೆ. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಕೊರಳಿನ ಸ್ನಾಯುಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು. ಆಕೆಯ ಕೈಯನ್ನು ಮೇಲೆತ್ತಿ ಹಿಡಿದೆ. ಮಣಿಕಟ್ಟಿನ ನಾಡಿ ಸಣ್ಣಗಾಯಿತು. ನನ್ನ ಎದೆ ಹೊಡೆದುಕೊಂಡಿತು, ಸಂತೋಷಕ್ಕೆ. ಓದಿದ್ದು ಕಣ್ಣೆದುರಿಗೆ ಬಂದು ಕೂತಿತ್ತು. ಎಲುಬಿನ ಡಾಕ್ಟರರ ಬಳಿ ಕರೆದೊಯ್ದೆ. ಅವರೂ ಅದನ್ನೇ ಹೇಳಿದರು: ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ದಮ್ಮಲ್ಲ.

ಕಾಕೂಗೆ ನನ್ನ ರೀತಿಯಲ್ಲಿ ತಿಳಿಸಿದೆ. ಕೊರಳ ಕೆಳಗಿನ ಎಲುಬಿಗೂ ಎದೆಗೂಡಿನ ಮೊದಲ ಪಕ್ಕೆಲುಬಿಗೂ ನಡುವೆ ಒಂದು ಸಂದಿ. ಕೈಗೆ ಹೋಗುವ ನರ, ರಕ್ತನಾಳ ಎಲ್ಲ ಅದರೊಳಗಿಂದಲೇ ಹೋಗಬೇಕು. ಹೊಟ್ಟೆಯಿಂದ ಆಡಬೇಕಾದ ಉಸಿರನ್ನು ಕೊರಳಿನಿಂದ ಆಡಿದರೆ ಕೊರಳಿನ ಸ್ನಾಯು ಆ ಪಕ್ಕೆಲುಬನ್ನು ಮೇಲೆಳೆಯುತ್ತದೆ, ಸಂದಿ ಇಕ್ಕಟ್ಟಾಗುತ್ತದೆ. ನಮ್ಮ ಓಣಿಗೆ ಕಬ್ಬಿನ ಟ್ರ್ಯಾಕ್ಟರು ಹೊಕ್ಕ ಹಾಗೆ.

"ಕೈ ಉಳಿತೈತೇನವಾ?" ಎಂದು ಕೇಳಿದಳು. "ನನ್ನ ಎಮ್ಮಿ ಬ್ಯಾರೆಯವ್ರ ಕೈಗೆ ಹಾಲ ಬಿಡೂದಿಲ್ಲ."

"ಉಳಿತೈತಿ ಕಾಕೂ. ನಾ ಹೇಳಿದ್ದ ಮಾಡಬೇಕ ಅಷ್ಟ."

ಹೊರೆ ಸಣ್ಣದು ಮಾಡು ಎಂದೆ, ಮಾಡಿದಳು. ಒಂದು ಸಲದ ಮೇವನ್ನು ಎರಡು ಸಲ ತಂದಳು. ಹೊಟ್ಟೆಯ ಮೇಲೆ ಕೈ ಇಟ್ಟು, ಹೊಟ್ಟೆ ಉಬ್ಬುವ ಹಾಗೆ ಮೆಲ್ಲಗೆ ಉಸಿರು ಎಳೆಯಬೇಕು, ಹೆಗಲು ಅಲುಗಬಾರದು ಎಂದೆ. ಓದಲು ಬಾರದವಳಿಗೆಂದು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟೆ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ನಾನು ನಿಪ್ಪಾಣಿಯಲ್ಲಿ ಕೆಲಸಕ್ಕೆ ಸೇರಿದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಆಕೆ ಹೇಗೆ ಮಾಡುತ್ತಾಳೆ ಎಂದು ಒಂದು ಸಲವೂ ಕೂತು ನೋಡಲಿಲ್ಲ.

ಎರಡು ತಿಂಗಳ ಮೇಲೆ ಇರಬೇಕು... ಡೇರಿಯ ಮುಂದೆ ಹೆಂಗಸರ ಸಾಲಿತ್ತು. ನಾನು ಬಸ್ಸಿಗೆ ಹೊರಟಿದ್ದೆ. ಕಾಕೂ ಕರೆದಳು.

"ಯವ್ವಾ, ಕೈ ಇನ್ನಷ್ಟ ಜೋಮ ಹಿಡ್ಯಾಕತ್ತೈತಿ ನೋಡ. ಉಸರ ಎಳದಷ್ಟೂ ಕೊಳ್ಳ ಬಿಗಿತೈತಿ."

"ನೀ ಮಾಡೂದ ಇಲ್ಲ ಕಾಕೂ," ಎಂದೆ. ಎಲ್ಲರಿಗೂ ಕೇಳುವ ಹಾಗೆ. "ಮಾಡಿದ್ರ ಯಾಕ ಕಡಿಮಿ ಆಗೂದಿಲ್ಲ? ಔಷಧ ಅಲ್ಲ, ಸೂಜಿ ಅಲ್ಲ, ಉಸರಾಡೂದು. ಅದೂ ಬ್ಯಾಸರ ಅಂದ್ರ ನಾ ಏನ ಮಾಡ್ಲಿ?"

ಸಾಲಿನಲ್ಲಿದ್ದವಳೊಬ್ಬಳು ಚೇಷ್ಟೆ ಮಾಡಿದಳು: "ಉಸರಾಡೂ ಪರೀಕ್ಷಾದಾಗ ಫೇಲಾದಿ ನೋಡ ಬೇ." ಎಲ್ಲರೂ ನಕ್ಕರು. ಕಾಕೂ ಕೂಡ ನಕ್ಕಳು. "ಹುಟ್ಟಿದಾಗಿಂದ ಮಾಡಿದ್ದ ಕೆಲಸ, ಅದೂ ನೆಟ್ಟಗ ಬರೂದಿಲ್ಲ ನನಗ" ಎಂದು ಹಾಲಿನ ಕ್ಯಾನನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಎರಡು ವರ್ಷದ ನಂತರ, ನಾನು ಊರಿಗೆ ಹೋಗುವುದು ಅಪರೂಪವಾಗಿದ್ದ ಕಾಲಕ್ಕೆ, ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಕಾಕೂನ ಸೊಸೆ ಸಿಕ್ಕಳು. ಅತ್ತೆ ಹೇಗಿದ್ದಾಳೆ ಎಂದು ಕೇಳಿದೆ.

"ಬಲಗೈ ಅಂಗೈ ತೆಳ್ಳಗಾಗೇತ್ರಿ ಅಕ್ಕಾರ. ಈಗ ನಾನ ಹಿಂಡತೇನಿ. ಒಂದ ಎಮ್ಮಿ ನನ್ನ ಕೈಗೆ ಹಾಲ ಬಿಡಲೇ ಇಲ್ಲ. ಮಾರಿದ್ವಿ."

"ಹೇಳಿದ್ದ ಮಾಡಿದ್ರ..." ಎಂದು ನಾನು ಶುರುಮಾಡಿದ್ದೆ.

"ಅಯ್ಯ, ಮಾಡ್ಯಾಳ್ರಿ. ಒಂದ ದಿನಾನೂ ತಪ್ಪಸಿಲ್ಲ. ಮುಂಜಾನೆ ಹೊಲಕ್ಕ ಹೋಗೂ ಮುಂದ, ನಡಾ ಬಿಗದ, ಸಿಂಬಿ ಬಾಜೂಕ ಇಟಗೊಂಡ, ಕಟ್ಟಿ ಮ್ಯಾಲ ಕುಂತ ಮಾಡಾಕಿ. ನೀವು ಡೇರಿ ಮುಂದ ಅಂದ ಮ್ಯಾಲ ಇನ್ನೂ ಜೋರ ಮಾಡಾಕಿ."

"ನಡಾ ಬಿಗದ?"

"ಹೂಂ ಮತ್ತ. ನಡಾ ಸಡ್ಲ ಬಿಟ್ಟ ಹೊರಿ ಹೊರಾಕ ಆಗ್ತೈತೇನ್ರಿ?"

ನಮ್ಮ ಕಡೆಯ ಹೊರೆ ಹೊರುವ ಹೆಂಗಸರು ಬಾಣಂತನದಲ್ಲಿ ಬಿಗಿದ ನಡುಕಟ್ಟನ್ನು ಮತ್ತೆ ಬಿಚ್ಚುವುದು ಜಳಕಕ್ಕೆ ಮಾತ್ರ. ನನ್ನ ಅವ್ವನೂ ಹಾಗೇ. ಆರು ಸುತ್ತು ಬಟ್ಟೆಯ ಕೆಳಗೆ ಹೊಟ್ಟೆ ಎಲ್ಲಿ ಉಬ್ಬೀತು? ಹೊಟ್ಟೆ ಉಬ್ಬದೆ ಹೋದಾಗ ಆಕೆ ಎಳೆದ ಒಂದೊಂದು ಉಸಿರೂ ಕೊರಳಿಗೇ ಏರಿತು. ಆಕೆ ನಿಷ್ಠೆಯಿಂದ ಮಾಡಿದಷ್ಟೂ ಸಂದಿ ಇಕ್ಕಟ್ಟಾಗಿರಬೇಕು. ಆ ಪಟ್ಟಿಯನ್ನು ದಿನಾ ಕಟ್ಟುವವಳ ಹೊಟ್ಟೆಯಲ್ಲಿ ಹುಟ್ಟಿ, ನಾನು ಪುಸ್ತಕದ ಚಿತ್ರದಲ್ಲಿದ್ದ ಹೆಂಗಸಿಗೆ ವ್ಯಾಯಾಮ ಹೇಳಿದ್ದೆ. ಆ ಚಿತ್ರದವಳ ನಡುವಿಗೆ ಏನೂ ಇರಲಿಲ್ಲ.

ಸೊಸೆಗೆ ನಾನು ಹೇಳಿದ್ದು ಇಷ್ಟೇ: "ಕಾಕೂಗ ಹೇಳು, ಇನ್ನ ಮುಂದ ನಡಾ ಸಡ್ಲ ಮಾಡಿ ಮಾಡ ಅಂತ." ತಪ್ಪು ನನ್ನದು ಎನ್ನುವ ಮಾತು ಬಾಯಿಗೆ ಬಂದಿತ್ತು. ಬಸ್ಸು ಬಂತು, ಹತ್ತಿದೆ. ಬಸ್ಸು ಬಾರದಿದ್ದರೂ ಹೇಳುತ್ತಿರಲಿಲ್ಲವೇನೋ...

ಅದಾದ ಮೇಲೆ ಕಾಕೂ ಇನ್ನೂ ಎರಡು ವರ್ಷ ಬದುಕಿದ್ದಳು. ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತಿರುವಳು. ನನ್ನ ಸ್ಕೂಟಿ ಕಂಡರೆ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು ತೋರಿಸುವಳು, ಮಾಡಾಕತ್ತೇನಿ ನೋಡು ಎನ್ನುವ ಹಾಗೆ. ನಾನು ಹಾರ್ನ್ ಬಾರಿಸಿ ಮುಂದೆ ಹೋಗುತ್ತಿದ್ದೆ. ಇಳಿದು, ಆಕೆಯ ಬಾಜೂಕೆ ಕೂತು, ನೀನು ಫೇಲಾಗಿರಲಿಲ್ಲ ಕಾಕೂ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಡೇರಿಯ ಮುಂದೆ ಅಂದದ್ದನ್ನು ಡೇರಿಯ ಮುಂದೆಯೇ ತಿರುಗಿ ತೆಗೆದುಕೊಳ್ಳಬೇಕಾಗುತ್ತಿತ್ತು. ಓಣಿಯ ಡಾಕ್ಟರಿಗೆ ಅದು ಆಗಲಿಲ್ಲ.

ಹೋದ ಶ್ರಾವಣದಲ್ಲಿ ತೀರಿಕೊಂಡಳು. ಬೇರೆ ಬೇನೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಬಂಧವಿಲ್ಲ ಎಂದು ನಾನು ಬಹಳ ಸಲ ಹೇಳಿಕೊಂಡಿದ್ದೇನೆ.

ಈಗ ಯಾರೇ ಬರಲಿ, ಮೊದಲು ನಡುಕಟ್ಟು ಬಿಚ್ಚಿಸುತ್ತೇನೆ. ಯಡೂರಿನ ಅಜ್ಜಿ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಆಕೆಯ ಹೊಟ್ಟೆ ಮೆಲ್ಲಗೆ ಏರಿತು, ಹೆಗಲು ಅಲುಗಲಿಲ್ಲ. ಆಕೆಗೇ ಆಶ್ಚರ್ಯವಾಗಿ ಎದ್ದು ಕೂತಳು.

"ಉಸರ ತಳಕ ಇಳೀತ ನೋಡವಾ. ಇಷ್ಟ ಮಂದಿಗೆ ತೋರಿಸೇನಿ, ನಡಾ ಬಿಚ್ಚ ಅಂತ ಒಬ್ಬರೂ ಅಂದಿದ್ದಿಲ್ಲ. ಎಲ್ಲಿ ಕಲ್ತಿ ಇದನ್ನ?"

ಮೊಳೆಯ ಮೇಲಿನ ಪಟ್ಟಿಯನ್ನು ತೆಗೆದು, ಮಡಿಸಿ, ಆಕೆಯ ಕೈಗೆ ಕೊಟ್ಟೆ. ಇನ್ನೂ ಹಸಿಯಿತ್ತು.

"ಕಾಲೇಜಿನ್ಯಾಗ, ಅಜ್ಜಿ" ಎಂದೆ.